ಶೆಟ್ಟಿಹಳ್ಳಿಯ ಇನ್ನೊಬ್ಬ ಯೋಗಾನಂದ

ಯೋಗಾನಂದ ಮುಂಚಿತವಾಗಿ ಒಂದು ಮಾತೂ ತಿಳಿಸದೆ ಊರಿಗೆ ಬಂದಿಳಿದಾಗ, ಅವನ ಅಣ್ಣ ರಾಮಕೃಷ್ಣಪ್ಪ ಮನೆ ಮುಂದೆ ನಿಂತಿದ್ದ ಟಿಪ್ಪರ್ ಲಾರಿಯ ಚಕ್ರ ಬಿಚ್ಚುತ್ತಿದ್ದ. ಆಟೋದಿಂದ ಇಳಿದ ತಮ್ಮನನ್ನು ಕಂಡು ಅವನ ಮುಖ ಅರಳಲಿಲ್ಲ. ಕೈಯಲ್ಲಿದ್ದ ಪಾನಾವನ್ನು ನೆಲಕ್ಕಿಟ್ಟು ರಸ್ತೆಯ ಆ ಕಡೆ ಈ ಕಡೆ ನೋಡಿದ.

"ಯಾಕೋ ಬಂದೆ?" ಅಂದ.

"ಓಟು ಹಾಕೋಣ ಅಂತ ಬಂದೆ ಅಣ್ಣಾ. ಡಿಎಲ್ಲೂ ಒಂದ್ಸಲ ನೋಡ್ಕೊಂಡು ಹೋಗೋಣ ಅಂತ."

"ಒಂದು ಫೋನ್ ಮಾಡ್ಬಾರ್ದಾ? ವಾಪಸ್ ಯಾವತ್ತು?"

ಚೀಲ ಇನ್ನೂ ಹೆಗಲಿನಿಂದ ಇಳಿದಿರಲಿಲ್ಲ.

ಅದು ಎರಡು ಸಾವಿರದ ಹದಿನೆಂಟರ ಮೇ ತಿಂಗಳು. ಊರೆಲ್ಲ ವಿಧಾನಸಭೆ ಚುನಾವಣೆಯ ಗದ್ದಲ. ಯೋಗಾನಂದ ಹನ್ನೊಂದು ವರ್ಷದಿಂದ ಓಮಾನಿನ ಸೊಹಾರ್ ಬಂದರಿನಲ್ಲಿ ಟ್ರೈಲರ್ ಓಡಿಸುತ್ತಿದ್ದ. ಈಚೆಗೆ ಕಂಪನಿಯವರು ಹೊರದೇಶದವರನ್ನು ಒಬ್ಬೊಬ್ಬರಾಗಿ ಬಿಡಿಸಿ ಅಲ್ಲಿಯವರನ್ನೇ ಸೇರಿಸಿಕೊಳ್ಳತೊಡಗಿದ್ದರು. ಇವತ್ತಲ್ಲ ನಾಳೆ ಊರಿಗೆ ಮರಳಲೇಬೇಕು. ಅವನಿಗೆ ಗೊತ್ತಿದ್ದ ಕಸುಬು ಸ್ಟೇರಿಂಗ್ ಒಂದೇ. ಹೊರಡುವಾಗ ಇಲ್ಲಿಯ ಲೈಸೆನ್ಸನ್ನೂ ವೋಟರ್ ಐಡಿಯನ್ನೂ ಅಣ್ಣನ ಕೈಗೆ ಕೊಟ್ಟು ಹೋಗಿದ್ದ. ಲೈಸೆನ್ಸಿನ ಅವಧಿ ಮುಗಿದಾಗಲೆಲ್ಲ ಅಣ್ಣ ಬ್ರೋಕರ್ ಹಿಡಿದು ರಿನ್ಯೂ ಮಾಡಿಸುತ್ತಿದ್ದ. ಹೊಟ್ಟೆಪಾಡಿಗೆ ಲೈಸೆನ್ಸು ಬೇಕು, ಸರಿ. ಓಟು ಯಾಕೆ ಅಂದರೆ ಬಿಡಿಸಿ ಹೇಳಲು ಅವನಿಗೆ ಬರುತ್ತಿರಲಿಲ್ಲ. ಅಲ್ಲಿ ಅಷ್ಟು ವರ್ಷ ಯಾರೂ ಅವನನ್ನು ಏನು ಬೇಕು ಎಂದು ಕೇಳಿರಲಿಲ್ಲ. ಕೇಳುವ ಜಾಗ ಎಂದರೆ ಊರಿನ ಮತಗಟ್ಟೆಯೊಂದೇ ಅನ್ನಿಸುತ್ತಿತ್ತು.

ಹೊರದೇಶದಲ್ಲಿರುವವರು ಪಾಸ್‌ಪೋರ್ಟ್ ತೋರಿಸಿ ಬೇರೆಯಾಗಿಯೇ ಹೆಸರು ಬರೆಸಬೇಕು ಎಂದು ಸೊಹಾರಿನ ಗೆಳೆಯನೊಬ್ಬ ಹೇಳಿದ್ದ. ಅದನ್ನು ಫೋನಿನಲ್ಲಿ ಹೇಳಿದಾಗ ಅಣ್ಣ ರೇಗಿದ್ದ. "ಇರೋ ಹೆಸ್ರು ಕಿತ್ತಾಕ್ತಾರೆ ಕಣೋ. ನೀನು ಸುಮ್ಕಿರು, ನಾನ್ ನೋಡ್ಕೊತೀನಿ." ಆಗ ಅದು ಪ್ರೀತಿಯ ಗದರಿಕೆ ಎಂದೇ ಅವನು ತಿಳಿದಿದ್ದ.

ಅತ್ತಿಗೆ ಸೊಣ್ಣಮ್ಮ ಮುದ್ದೆ ಬಸ್ಸಾರು ಬಡಿಸಿದಳು. ತಾಯಿ ತೀರಿಕೊಂಡ ಮೇಲೆ ಚಿಕ್ಕಂದಿನಲ್ಲಿ ಅವನಿಗೆ ಉಣ್ಣಿಸಿ ಬೆಳೆಸಿದವಳು ಅವಳೇ. ಆದರೆ ಈ ಸಲ ಅವನ ಮುಖ ನೋಡಿ ಮಾತಾಡಲಿಲ್ಲ. ಲೈಸೆನ್ಸ್ ಎಲ್ಲಿದೆ ಎಂದರೆ "ನಿಮ್ಮಣ್ಣನ್ನೇ ಕೇಳಪ್ಪಾ" ಅಂದಳು. ಅಣ್ಣನನ್ನು ಕೇಳಿದರೆ "ಬ್ರೋಕರ್ ತಾವ ಐತೆ" ಅಂದ. ವೋಟರ್ ಐಡಿ? "ಎಲ್ಲೋ ಐತೆ, ಉಡುಕ್ತೀನಿ."

ಶನಿವಾರ ಯೋಗಾನಂದ ಪಾಸ್‌ಪೋರ್ಟನ್ನೇ ಜೇಬಿನಲ್ಲಿಟ್ಟುಕೊಂಡು ಸರ್ಕಾರಿ ಶಾಲೆಯ ಮತಗಟ್ಟೆಗೆ ಹೋದ. ಹನ್ನೊಂದು ವರ್ಷದಲ್ಲಿ ಪರಿಚಯದ ಮುಖಗಳು ಕಡಿಮೆಯಾಗಿದ್ದವು. ಸಾಲಿನಲ್ಲಿ ಹೆಚ್ಚಿನವರು ಹೊಸ ಬಡಾವಣೆಯವರು. ಅವನ ಸರದಿ ಬಂದಾಗ ಅಧಿಕಾರಿ ಹೆಸರನ್ನು ಗಟ್ಟಿಯಾಗಿ ಓದಿದರು, ಆಮೇಲೆ ಕತ್ತೆತ್ತಿ ನೋಡಿದರು.

"ನಿಮ್ಮ ಓಟು ಆಗೋಗಿದೆಯಲ್ರೀ."

"ಇಲ್ಲ ಸಾರ್, ಈಗ್ಲೇ ಬರ್ತಾ ಇರೋದು."

"ಬೆಳಿಗ್ಗೆ ಏಳೂವರೆಗೇ ಹಾಕಿ ಹೋಗಿದ್ದಾರೆ. ವೋಟರ್ ಐಡಿ ತಂದಿದ್ರು, ಸೈನ್ ಇದೆ."

ಗೋಡೆಯ ಪಕ್ಕ ಕೂತಿದ್ದ ಪಕ್ಷದ ಏಜೆಂಟ್ ಒಬ್ಬ, "ಯೋಗಣ್ಣ ತಾನೇ? ಬಂದಿದ್ರಲ್ಲ, ನಮಸ್ಕಾರಾನೂ ಮಾಡಿದ್ರು" ಎಂದವನು ಎದುರಿಗಿದ್ದವನನ್ನು ನೋಡಿ ಬಾಯಿ ಮುಚ್ಚಿದ. ಯೋಗಾನಂದ ಪಾಸ್‌ಪೋರ್ಟ್ ತೆಗೆದು ಮೇಜಿನ ಮೇಲಿಟ್ಟ. ಪಾಸ್‌ಪೋರ್ಟ್ ಪರೀಕ್ಷಿಸಿದ ಅಧಿಕಾರಿ ಕೊನೆಗೆ ಅವನಿಗೆ ಯಂತ್ರದ ಬದಲು ಒಂದು ಕಾಗದದ ಮತಪತ್ರ ಕೊಟ್ಟು, ಅವನು ಗುರುತು ಹಾಕಿದ ಮೇಲೆ ಅದನ್ನು ಬೇರೆ ಲಕೋಟೆಗೆ ಸೇರಿಸಿದರು. ಇದನ್ನು ಎಣಿಸುತ್ತೀರಾ ಎಂದು ಕೇಳಿದ್ದಕ್ಕೆ, "ಕೋರ್ಟು ಕೇಳಿದ್ರೆ ಎಣಿಸ್ತಾರೆ" ಅಂದರು.

ಮನೆಗೆ ಬಂದು ಹೇಳಿದಾಗ ಅಣ್ಣ ಟಿವಿಯಿಂದ ಕಣ್ಣು ಕೀಳಲಿಲ್ಲ. "ಒಂದು ಓಟಿಗೆ ಯಾಕಿಷ್ಟು ರಂಪ ಮಾಡ್ತೀಯ?"

ಮರುದಿನ ಬೆಳಿಗ್ಗೆ ಯೋಗಾನಂದ ಸರ್ಕಲ್ಲಿನ ಟೀ ಅಂಗಡಿಯಲ್ಲಿ ನಿಂತಿದ್ದಾಗ ಹಿಂದಿನಿಂದ ಯಾರೋ "ಯೋಗಣ್ಣಾ!" ಎಂದು ಕೂಗಿದರು. ಅವನು ತಿರುಗಿದ. ಕೂಗಿದ ಹುಡುಗರು ಅವನನ್ನು ನೋಡುತ್ತಲೇ ಇರಲಿಲ್ಲ. ಬೆಂಚಿನ ಮೇಲಿಂದ ಸುಮಾರು ಅವನದೇ ವಯಸ್ಸಿನ, ಅವನಷ್ಟೇ ಎತ್ತರದ ಒಬ್ಬ ಕೈಯೆತ್ತಿ, "ಏನ್ರಪ್ಪಾ ಸಮಾಚಾರ?" ಅಂದ. ಅವನ ಎಡಗಣ್ಣಿನ ಗುಡ್ಡೆ ಪೂರ್ತಿ ಬೆಳ್ಳಗಿತ್ತು.

ಹುಡುಗರು ಹೋದ ಮೇಲೆ ಆ ಮನುಷ್ಯ ಗ್ಲಾಸು ಹಿಡಿದು ಹತ್ತಿರ ಬಂದ.

"ನೀವು ಮಸ್ಕತ್ ಕಡೆಯಿಂದ ಬಂದ ಯೋಗಾನಂದಣ್ಣ ಅಲ್ವಾ? ನಾನು ಕಾಡಪ್ಪ. ನಿಮ್ಮಣ್ಣನ ಗಾಡಿ ಓಡಿಸ್ತೀನಿ."

"ನಿನ್ನನ್ನ ಯಾಕಪ್ಪಾ ಯೋಗಣ್ಣ ಅಂತ ಕರೀತಾರೆ?"

ಕಾಡಪ್ಪ ನಾಚಿದವನಂತೆ ನಕ್ಕ. "ಪೊಲೀಸ್ರು ಗಾಡಿಗೆ ಕೈ ಅಡ್ಡ ಹಿಡಿದಾಗ ನಿಮ್ಮ ಲೈಸೆನ್ಸ್ ತೋರಿಸ್ತೀನಿ. ಅದ್ರಲ್ಲಿ ಇರೋ ಹೆಸ್ರೇ ಕೂಗ್ತಾರೆ. ಹಂಗೇ ಜನಕ್ಕೂ ರೂಢಿ ಆಗೋಯ್ತು. ಈಗ ಕಾಡಪ್ಪ ಅಂದ್ರೆ ನಂಗೇ ತಿರುಗಿ ನೋಡ್ಬೇಕು ಅನ್ಸಲ್ಲ ಅಣ್ಣಾ. ನಿಮ್ಮ ಹೆಸರಲ್ಲಿ ಚೆನ್ನಾಗೇ ಬದುಕ್ತಾ ಇದೀನಿ. ಕೆಟ್ಟ ಹೆಸ್ರು ತಂದಿಲ್ಲ."

ಅವನು ಟೀಯ ದುಡ್ಡನ್ನೂ ತಾನೇ ಕೊಟ್ಟು ಹೊರಟುಹೋದ. ಯೋಗಾನಂದನಿಗೆ ಸಿಟ್ಟಿಗಿಂತ ಮೊದಲು ಹೆದರಿಕೆ ಬಂತು. ತಾನಿಲ್ಲದ ಊರಿನಲ್ಲಿ ತಾನು ಇಷ್ಟು ದಿನವೂ ಓಡಾಡಿಕೊಂಡಿದ್ದೆ ಎಂಬ ಯೋಚನೆ ಮನೆ ತಲುಪುವವರೆಗೂ ಅವನನ್ನು ಬಿಡಲಿಲ್ಲ.

ಹೊಸ್ತಿಲು ದಾಟುತ್ತಲೇ ಅಣ್ಣನ ಮೇಲೆ ಹರಿಹಾಯ್ದ. ರಾಮಕೃಷ್ಣಪ್ಪ ಈ ಸಲ ಸುಳ್ಳು ಹೇಳಲಿಲ್ಲ. ಜಲ್ಲಿ ಕ್ರಷರಿನಲ್ಲಿ ಲೋಡು ಮಾಡುವಾಗ ಕಲ್ಲಿನ ಚೂರು ಸಿಡಿದು ಕಾಡಪ್ಪನ ಕಣ್ಣು ಹೋಗಿತ್ತು. ಆಗ ಅವನಿದ್ದದ್ದು ರಾಮಕೃಷ್ಣಪ್ಪನ ಕೆಲಸದ ಮೇಲೆಯೇ.

"ಒಕ್ಕಣ್ಣನಿಗೆ ಯಾರು ಲೈಸೆನ್ಸ್ ಕೊಡ್ತಾರೆ ಏಳು? ಎಂಡ್ರು ಮಕ್ಳು ಅವ್ರೆ. ನಿನ್ ಲೈಸೆನ್ಸು ಸುಮ್ನೆ ಬೀರುನಾಗೆ ಬಿದ್ದಿತ್ತು. ಫೋಟೋನೂ ಅಳೇದು, ಗಡ್ಡ ಬೇರೆ. ಯಾರ್ ಅಂತ ಯಾರಿಗ್ ಗೊತ್ತಾಗುತ್ತೆ? ಓಟಿನ ಕಾರ್ಡೂ ಅವನ ತಾವ್ಲೇ ಇರ್ಲಿ ಅಂತ ಕೊಟ್ಟೆ."

"ಯಾರಿಗಾದ್ರೂ ಗುದ್ದಿದ್ರೆ? ನನ್ನ ಹೆಸರಲ್ಲಿ ಕೇಸ್ ಆಗಲ್ವಾ?"

"ಅದ್ಕೇ ಕಣೋ ನೀನು ಅಲ್ಲೇ ಇರ್ಬೇಕಿತ್ತು" ಎಂದು ಅಣ್ಣ ದನಿ ತಗ್ಗಿಸಿದ. "ಏನಾದ್ರೂ ಆದ್ರೂ ನೀನು ಈ ದೇಸದಾಗೇ ಇಲ್ಲ ಅಂತ ಪಾಸ್‌ಪೋರ್ಟೇ ಏಳ್ತಿತ್ತು. ನಿನ್ನ ಒಂದು ಕೂದ್ಲೂ ಕೊಂಕ್ತಿರ್ಲಿಲ್ಲ. ಈಗ ಬಂದು ಕೂತಿದ್ದೀಯ."

ಬಂದ ದಿನದಿಂದ ಅಣ್ಣನ ಕಣ್ಣಿನಲ್ಲಿದ್ದದ್ದು ಏನೆಂದು ಯೋಗಾನಂದನಿಗೆ ಈಗ ತಿಳಿಯಿತು. ಕೊನೆಗೆ, ತಾನು ಹೊರಡುವವರೆಗಾದರೂ ಕಾಡಪ್ಪ ಗಾಡಿ ಮುಟ್ಟಬಾರದು, ಎರಡು ಕಾರ್ಡೂ ತನ್ನ ಕೈಗೆ ವಾಪಸ್ ಬರಬೇಕು ಎಂದ. ಅಣ್ಣ ದೇವರ ಪಟದ ಕಡೆ ಕೈ ತೋರಿಸಿ ಆಗಲಿ ಎಂದ. ಇನ್ನೂ ದಿನವಿದ್ದ ವಿಮಾನದ ಟಿಕೆಟನ್ನು ಈ ಬುಧವಾರಕ್ಕೇ ಬದಲಿಸಿದ್ದಾಯಿತು.

ಮಂಗಳವಾರ ಮತ ಎಣಿಕೆ. ಕಾರ್ಡುಗಳು ಇನ್ನೂ ಕೈಗೆ ಬಂದಿರಲಿಲ್ಲ. ಬೆಳಗಿನಿಂದ ಬೀದಿಯಲ್ಲಿ ಪಟಾಕಿ. ರಾಮಕೃಷ್ಣಪ್ಪ ಹೊರಗೇ ಇದ್ದ. ಗೇಟಿನ ಬಳಿ ಲಾರಿ ಇಲ್ಲದ್ದನ್ನು ಯೋಗಾನಂದ ಮಧ್ಯಾಹ್ನ ಗಮನಿಸಿ ಫೋನ್ ಮಾಡಿದ; ಅಣ್ಣ ಎತ್ತಲಿಲ್ಲ. ಸಂಜೆ ಅತ್ತಿಗೆಯ ಜೊತೆ ಕೂತು, ಕೈಗೆ ಎಣ್ಣೆ ಸವರಿಕೊಂಡು ಹಲಸಿನ ತೊಳೆ ಬಿಡಿಸುತ್ತಿದ್ದ. ಅವಳು ಆಗಾಗ ಕೈ ನಿಲ್ಲಿಸಿ ಬೀದಿಯ ಕಡೆ ಕಿವಿಗೊಡುತ್ತಿದ್ದಳು.

ಕತ್ತಲಾಗುವ ಹೊತ್ತಿಗೆ ಅಣ್ಣ ಒಳಗೆ ಬಂದ. ಅಂಗಿ ಪೂರ್ತಿ ಬೆವರಿಗೆ ಒದ್ದೆಯಾಗಿತ್ತು.

"ರಾಜಾನುಕುಂಟೆ ತಾವ ಆಕ್ಸಿಡೆಂಟ್ ಆಗೋಯ್ತು ಕಣೋ" ಅಂದ. "ಸೊಪ್ಪು ಮಾರ್ಕೊಂಡು ಟಿವಿಎಸ್‌ನಾಗೆ ಓಗ್ತಿದ್ದನಂತೆ. ಚಿಕ್ಕಮಾರಯ್ಯ ಅಂತ. ಜಾಗದಲ್ಲೇ ಓದ. ಕಾಡ ಗಾಡಿ ಬಿಟ್ಟು ಓಡಿಹೋಗವ್ನೆ. ಲೈಸೆನ್ಸು ಕ್ಯಾಬಿನ್ನಾಗೇ ಸಿಕ್ಕೈತೆ."

ಸೊಣ್ಣಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ರಾಮಕೃಷ್ಣಪ್ಪ ತಮ್ಮನ ಮುಂದೆ ನೆಲಕ್ಕೆ ಕೂತು ಅವನ ಮೊಣಕಾಲು ಹಿಡಿದುಕೊಂಡ.

"ಲೇ ಯೋಗಾ, ನೀನೇ ಓಡಿಸ್ತಿದ್ದೆ ಅಂದ್ಬಿಡು. ಸ್ಟೇಷನ್ನಾಗೇ ಬೇಲ್ ಸಿಗುತ್ತೆ. ಲೈಸೆನ್ಸ್ ಇದ್ದೋನು ಓಡಿಸ್ದ ಅಂದ್ರೆ ಇನ್ಶೂರೆನ್ಸ್ ಬರುತ್ತೆ. ಸತ್ತೋನ ಮನೆಯವ್ರಿಗೂ ಒಂದು ದಾರಿ ಆಗುತ್ತೆ. ಒಕ್ಕಣ್ಣ ಓಡಿಸ್ದ ಅಂತ ಗೊತ್ತಾದ್ರೆ ಅವ್ರಿಗೂ ಏನೂ ಇಲ್ಲ, ನಾನೂ ಒಳಗೋಗ್ತೀನಿ."

ಸತ್ತವನ ಮನೆಯವರ ಮಾತು ಬಂದಾಗ ಯೋಗಾನಂದ ಒಂದು ಗಳಿಗೆ ಮೆತ್ತಗಾದ. ಅಣ್ಣನಿಗೂ ಅದು ಕಂಡಿತು. ಮೊಣಕಾಲಿನ ಮೇಲಿನ ಹಿಡಿತ ಬಿಗಿಯಾಯಿತು. ಅಷ್ಟರಲ್ಲಿ ಬಾಗಿಲಿಗೆ ಜೀಪು ಬಂತು.

ಸಬ್‌ಇನ್ಸ್‌ಪೆಕ್ಟರ್ ಕೈಯಲ್ಲಿದ್ದ ಲೈಸೆನ್ಸನ್ನೂ ಯೋಗಾನಂದನ ಮುಖವನ್ನೂ ಹೋಲಿಸಿ ನೋಡಿದರು.

"ನೀನೇನಾ ಯೋಗಾನಂದ?"

"ಹೌದು ಸಾರ್."

"ಗಾಡಿ ಬಿಟ್ಟು ಓಡಿ ಬಂದೆಯಾ?"

"ಹೆಸ್ರು ನಂದು ಸಾರ್. ಗಾಡಿ ನಾನು ಓಡಿಸ್ಲಿಲ್ಲ. ನಾನಿರೋದು ಹೊರದೇಶದಲ್ಲಿ."

ಪಾಸ್‌ಪೋರ್ಟ್ ತಿರುವಿ ಹಾಕಿದ ಸಬ್‌ಇನ್ಸ್‌ಪೆಕ್ಟರ್, "ವಾರದಿಂದ ಇಲ್ಲೇ ಇದ್ದೀಯಲ್ಲಯ್ಯಾ" ಎಂದು ಜೀಪಿನ ಕಡೆ ಬೆರಳು ತೋರಿಸಿದರು. "ಹತ್ತು."

ರಾಮಕೃಷ್ಣಪ್ಪ ನೆಲ ನೋಡುತ್ತ ನಿಂತಿದ್ದ. ಒಂದು ಮಾತು ಸಾಕಿತ್ತು. ಅದು ಅವನ ಬಾಯಿಂದ ಬರಲಿಲ್ಲ. ಪೇದೆ ಯೋಗಾನಂದನ ರಟ್ಟೆಗೆ ಕೈ ಹಾಕಿದಾಗ ಸೊಣ್ಣಮ್ಮ ಬಾಗಿಲಿಗೆ ಅಡ್ಡ ಬಂದಳು.

"ಅವನು ಮದ್ಯಾನದಿಂದ ಮನೆ ಬಿಟ್ಟು ಕದಲಿಲ್ಲ ಸಾಮಿ. ನನ್ ಜೊತೇನೇ ಅಲಸಿನಣ್ಣು ಬಿಡಿಸ್ತಾ ಕುಂತಿದ್ದ. ಓಡಿಸ್ತಿದ್ದೋನು ಕಾಡಪ್ಪ ಅಂತ. ಒಂದು ಕಣ್ಣು ಕಾಣಾಕಿಲ್ಲ ಅವನಿಗೆ. ಲೈಸೆನ್ಸು ಎತ್ತಿ ಕೊಟ್ಟಿದ್ದು ನನ್ ಗಂಡ."

"ಏಯ್!" ಎಂದು ರಾಮಕೃಷ್ಣಪ್ಪ ಕೈಯೆತ್ತಿದ. ಅವಳು ಕದಲಲಿಲ್ಲ. "ಒಡೀರಿ. ಇನ್ನೊಂದ್ಸಲ ಕೇಳಿದ್ರೂ ಇದ್ನೇ ಏಳ್ತೀನಿ" ಅಂದಳು.

ಆ ರಾತ್ರಿ ಜೀಪು ಹತ್ತಿದ್ದು ಅಣ್ಣ ತಮ್ಮ ಇಬ್ಬರೂ. ಯೋಗಾನಂದ ಬೆಳಿಗ್ಗೆ ಹೇಳಿಕೆ ಕೊಟ್ಟು ಹೊರಬಂದ. ರಾಮಕೃಷ್ಣಪ್ಪ ಎರಡು ವಾರದ ಮೇಲೆ ಬೇಲಿನಲ್ಲಿ ಬಂದು, ಮನೆಗೆ ಕಾಲಿಡದೆ ಕ್ರಷರಿನ ಶೆಡ್ಡಿನಲ್ಲಿ ಉಳಿದ. ಇನ್ಶೂರೆನ್ಸ್ ಕಂಪನಿ ದುಡ್ಡು ಕೊಡುವುದಿಲ್ಲ ಎಂದು ವಾದ ಹೂಡಿತು. ಚಿಕ್ಕಮಾರಯ್ಯನ ಹೆಂಡತಿ ಒಂದು ದಿನ ಬಂದು ಗೇಟಿನ ಹೊರಗೆ ಸುಮ್ಮನೆ ನಿಂತು ಹೋದಳು. ಲೈಸೆನ್ಸು ಕೋರ್ಟಿನ ವಶದಲ್ಲಿ ಉಳಿಯಿತು. ಕೇಸು ಮುಗಿಯುವವರೆಗೆ ಇನ್ನೊಂದು ಕೊಡಲಾಗದು ಎಂದು ಲೈಸೆನ್ಸ್ ಕಚೇರಿಯವರು ಹೇಳಿದರು. ಸಾಕ್ಷಿ ಹೇಳಲು ಕರೆದಾಗ ಬರುತ್ತೇನೆ ಎಂದು ಬರೆದುಕೊಟ್ಟು ಯೋಗಾನಂದ ಸೊಹಾರಿಗೆ ಮರಳಿದ. ವೋಟರ್ ಐಡಿ ಮಾತ್ರ ಕಾಡಪ್ಪನ ಜೇಬಿನಲ್ಲೇ ಹೋಗಿತ್ತು. ಕಾಡಪ್ಪ ಎಲ್ಲೂ ಸಿಗಲಿಲ್ಲ.

ಮರುವರ್ಷ ಲೋಕಸಭೆ ಚುನಾವಣೆ ಹತ್ತಿರವಾದಾಗ ಒಂದು ದಿನ ಅತ್ತಿಗೆಯ ಫೋನು ಬಂತು.

"ಈ ಸಲ ಬರ್ತೀಯೇನಪ್ಪಾ?"

"ರಜಾ ಕೊಡಲ್ಲ ಅತ್ಗೆ. ಯಾಕೆ, ದನಿ ಹಿಂಗಿದೆ?"



"ಮೊನ್ನೆ ಚಿಲ್ಲರೆ ಅಂಗಡಿ ತಾವ ಕಪ್ಪು ಕನ್ನಡಕ ಆಕ್ಕೊಂಡ ಒಬ್ರು ಬಂದಿದ್ರಂತೆ. ಸೊಣ್ಣಮ್ಮನ ಮನೆ ಯಾವ್ದು, ಅವಳು ಒಬ್ಳೇ ಅವ್ಳಾ ಅಂತ ಕೇಳಿದ್ರಂತೆ. ಅಂಗಡಿಯೋನು ನೀವು ಯಾರು ಅಂದಿದ್ದಕ್ಕೆ, ನಾನು ಅವಳ ಮೈದುನ, ಯೋಗಾನಂದ ಅಂದ್ರಂತೆ."

ಯೋಗಾನಂದ ಟ್ರೈಲರನ್ನು ರಸ್ತೆಯ ಪಕ್ಕಕ್ಕೆ ಹಾಕಿ ನಿಲ್ಲಿಸಿದ. ಕೂಡಲೇ ಬಾಗಿಲಿಗೆ ಬೀಗ ಹಾಕಿ ಪಕ್ಕದ ಮನೆಗೆ ಹೋಗು ಎಂದು ಅತ್ತಿಗೆಗೆ ಹೇಳಿ, ಊರಿನ ಸ್ಟೇಷನ್ನಿಗೆ ಫೋನ್ ಹಚ್ಚಿದ. ಬಹಳ ಹೊತ್ತಾದ ಮೇಲೆ ಯಾರೋ ಎತ್ತಿದರು.

"ಯಾರ್ರೀ ಮಾತಾಡೋದು?"

ಅವನು ಹೆಸರು ಹೇಳಿದ. ಆ ಕಡೆಯ ದನಿ, "ಯಾವ ಯೋಗಾನಂದ?" ಅಂದಿತು.