ದೇವರ ಕೈಲಿ ಹೇಳಿಸಿದ ಮಾತು

ರೆಜಿನಾ ತೆಂಗಿನಕಾಯಿ ತುರಿಯುತ್ತಿದ್ದಳು. ಎದುರಿಗೆ ನಾದಿನಿ ಲುಸಿಯಾ ಗೆಣಸು ಹೆರೆಯುತ್ತಿದ್ದಳು. ನಾಳೆ ಬೂಗನ್‌ವಿಲ್ ದ್ವೀಪದ ಎರಡು ಹಳ್ಳಿಗಳ ಗಂಡಸರು ಬಿಲ್ಲುಬಾಣ ಮುರಿದು ರಾಜಿಯಾಗುವವರಿದ್ದರು. ಅವರನ್ನು ಒಪ್ಪಿಸಲು ವರ್ಷವಿಡೀ ಕಾಡುದಾರಿ ಸವೆಸಿದವರು, ಈಗ ಇವರಿಬ್ಬರ ಸುತ್ತ ಕೂತು ನಾಳಿನ ಊಟಕ್ಕೆ ಅಣಿ ಮಾಡುತ್ತಿದ್ದ ಪ್ರಾರ್ಥನಾ ಕೂಟದ ಹೆಂಗಸರೇ. ಆದರೆ ಲುಸಿಯಾಳ ಹಂದಿ ರೆಜಿನಾಳ ತೋಟವನ್ನು ಬಗೆದುಹಾಕಿದ ದಿನದಿಂದ ಇವರಿಬ್ಬರಿಗೆ ಮಾತಿಲ್ಲ. ಏನಿದ್ದರೂ ದೇವರ ಮೂಲಕ.

"ಕರ್ತನೇ, ಸಿಪ್ಪೆ ಅಷ್ಟು ದಪ್ಪ ತೆಗೀಬಾರದು ಅಂತ ಅವಳಿಗೆ ಬುದ್ಧಿ ಕೊಡಪ್ಪ," ರೆಜಿನಾ ಕಣ್ಣು ಮುಚ್ಚಿ ಬೇಡಿದಳು.

"ಕರ್ತನೇ, ಸಿಪ್ಪೆ ನನ್ನ ಹಂದೀಗೆ ಅಂತ ಅತ್ತಿಗೆಗೆ ತಿಳಿಸು. ಅದಕ್ಕೀಗ ಬೇಲಿ ಹಾಕಿದೀನಿ ಅಂತಾನೂ ಹೇಳು."

"ಆಮೆನ್!" ಸುತ್ತಲಿನವರು ಕಿಸಕ್ಕನೆ ನಕ್ಕರು.

ಕೂಟದ ಹಿರಿಯಳು ಆಗ್ನೆಸಜ್ಜಿ ಮಾತ್ರ ನಗಲಿಲ್ಲ. "ರೆಜಿನಾ, ನಾಳೆ ರಾಜಿ ಪ್ರಾರ್ಥನೆ ನಿಂದು. ಸಿಟ್ಟಿಟ್ಕೊಂಡೋಳ ಬಾಯಲ್ಲಿ ನಾನದನ್ನ ಹೇಳಿಸೋಳಲ್ಲ, ನೋಡು."

"ಸಿಟ್ಟಾ? ನಂಗಾ?" ಎಂದಳು ರೆಜಿನಾ.

ಸಿಟ್ಟು ಈಸ್ಟರ್ ಹೊತ್ತಿಗೇ ಆರಿತ್ತು. ಆದರೆ ಮಾತಿದ್ದ ಕಾಲದಲ್ಲಿ ಲುಸಿಯಾ ಇಷ್ಟು ಮಾತಾಡಿದವಳೇ ಅಲ್ಲ. ಆ ಸುಖ ಬಿಡಲು ರೆಜಿನಾಗೆ ಮನಸ್ಸಿರಲಿಲ್ಲ. ಈಗ ಬೇರೆ ದಾರಿಯಿಲ್ಲ. ಬೆಳಿಗ್ಗೆ ಲುಸಿಯಾಳನ್ನು ಹೆಸರು ಹಿಡಿದು ಕರೆದು, ಜಗಿಯಲು ಒಂದು ಅಡಿಕೆ ಕೇಳುವುದೆಂದು ತೀರ್ಮಾನಿಸಿದಳು. ಯಾರಿಗೂ ಹೇಳಲಿಲ್ಲ. ದೇವರಿಗಂತೂ ಇಲ್ಲವೇ ಇಲ್ಲ. ಅವನು ತಕ್ಷಣ ಲುಸಿಯಾಗೆ ಮುಟ್ಟಿಸಿಬಿಡುತ್ತಿದ್ದ.