ಉತ್ತರಾರ್ಧ

“ಕಡೇ ತನಕ ಬಾರಿಸ್ತೀಯೇನೇ?”

ಗೋಪುರದ ಬಾಗಿಲಲ್ಲೇ ಬೋರ್ಗಿಲ್ಡ್ ಅಡ್ಡ ನಿಂತಿದ್ದಳು. ಇವತ್ತು ಊರು ನೆನೆಯುತ್ತಿದ್ದ ಸಂಗೀತಕಾರ ಹೆಸ್ತ್‌ನೆಸ್‌ನ ವಿಧವೆ.

“ಕಡೇ ತನಕ ಅಂದ್ರೆ?” ಗೋಪುರದ ಗಂಟೆಗಳನ್ನು ನುಡಿಸಲು ಬಂದಿದ್ದ ರಾಗ್ನಾ ಜೇಬಿನಲ್ಲಿ ಬೀಗದಕೈ ಹುಡುಕತೊಡಗಿದಳು. ಅದು ಕೈಯಲ್ಲೇ ಇತ್ತು.

“ಆ ಗಂಟೆ ಕೃತೀದು ನಂಗೆ ಮೊದಲರ್ಧ ಕೇಳಿಸಿದ್ದ. ಮಿಕ್ಕಿದ್ದು ಬರೆದೇ ಇಲ್ಲ ಅಂದಿದ್ದ.”

“ತಡ ಆಗತ್ತೆ, ಹತ್ತಬೇಕು.”

“ಹತ್ತು. ನಾನಿಲ್ಲೇ ಬೆಂಚಿನ ಮೇಲಿರ್ತೀನಿ.”

ಮೇಲೆ ಕಾವಲುಗಾರ ತ್ರುಲ್ಸ್ ಕಿಟಕಿ ತೆರೆಯುತ್ತಿದ್ದ. “ಮಂಜು ನೋಡಿ ಮೇಡಂ. ಇವತ್ತು ನಿಮ್ಮ ಗಂಟೆ ದೇವರಿಗಷ್ಟೇ ಕೇಳೋದು.”

“ಕೇಳಿಸಿದ್ರೂ ಕೇಳಿಸದ ಹಾಗಿರೋದು ದೇವರಿಗೆ ಅಭ್ಯಾಸ ಬಿಡು.”

ತ್ರುಲ್ಸ್ ನಗುತ್ತ ಇಳಿದುಹೋದ.

ವರ್ಷಗಳ ಹಿಂದೆ ಗೋಪುರದ ತುದಿಯ ಇದೇ ಗೂಡಿನಲ್ಲಿ, ಒದ್ದೆ ಉಣ್ಣೆಕೋಟಿನ ಹೆಸ್ತ್‌ನೆಸ್ ಕೃತಿಯ ಉತ್ತರಾರ್ಧದ ಹಾಳೆಗಳನ್ನು ಅವಳ ಕೈಗಿಟ್ಟು, “ಇದು ನಿಂದು” ಎಂದಿದ್ದ. ಆಗ ಅವಳು ಅವನ ಶಿಷ್ಯೆ. ಊರಿಗೆ ಗೊತ್ತಿದ್ದದ್ದು ಅಷ್ಟೇ. ಆಮೇಲೆ ಅವಳು ಪ್ರಬಂಧ ಬರೆದಳು, ಪದವಿ ಪಡೆದಳು, ಅವನ ಬಗ್ಗೆ ಉಪನ್ಯಾಸ ಕೊಟ್ಟಳು. ಉತ್ತರಾರ್ಧವನ್ನು ಮಾತ್ರ ಗಂಟೆಗಳಿಲ್ಲದ ಅಭ್ಯಾಸದ ಮಣೆಯ ಮೇಲೆ, ಬಾಗಿಲು ಹಾಕಿಕೊಂಡು ನುಡಿಸಿದಳು. ಇವತ್ತು ಊರು ಕೇಳಲಿ ಎಂದುಕೊಂಡಿದ್ದಳು.

ಮುಷ್ಟಿ ಬಿಗಿದು ಗಂಟೆಗಳಿಗೆ ತಂತಿಯಿಂದ ಬಿಗಿದ ಮರದ ಹಿಡಿಗಳನ್ನು ಹೊಡೆದಳು. ತಲೆಯ ಮೇಲೆ ಕಂಚು ಎಚ್ಚೆತ್ತಿತು. ಸ್ವರಗಳು ಮಂಜಿನೊಳಗೆ ಕರಗಿ, ಅವಳವಲ್ಲವೆಂಬಂತೆ ಕಡಲ ಕಡೆಯಿಂದ ಮರಳಿ ಬರುತ್ತಿದ್ದವು.

ಮೊದಲರ್ಧ ಮುಗಿಯಿತು. ಎರಡು ಭಾಗಗಳ ನಡುವೆ ದೀರ್ಘ ಮೌನ ಬರೆದಿತ್ತು. ಆದರೆ ಗಂಟೆಗಳಿಗೆ ಸುಮ್ಮನಾಗು ಎಂದರೆ ಆಗುವುದಿಲ್ಲ; ಗುಂಯ್ಗುಡುವ ನಾದ ತಾನಾಗಿ ಸಾಯಬೇಕು. ಮುಷ್ಟಿ ಎತ್ತಿ ಕಾದಳು.

ಬಂದರಿನಿಂದ ಹಡಗು ಕೂಗಿತು.

ಚಪ್ಪಾಳೆ ಇಷ್ಟೆತ್ತರಕ್ಕೆ ಏರುವುದಿಲ್ಲವೆಂದು, ಕಛೇರಿ ಮುಗಿದಾಗ ಹೊರಡಲಿರುವ ಹಡಗು ಒಮ್ಮೆ ಕೂಗುವುದು ಊರಿನ ಪದ್ಧತಿ. ಕಪ್ತಾನ ಮೌನವನ್ನು ಮುಕ್ತಾಯವೆಂದುಕೊಂಡಿದ್ದ. ಕೆಳಗೆ ಕುರ್ಚಿಗಳು ಮಡಿಸಿಕೊಂಡವು. ಜನ ವಾಫಲ್-ಕಾಫಿಯ ಡೇರೆಯತ್ತ ಹೊರಟರು.

ಈಗಲೂ ಹೊಡೆಯಬಹುದಿತ್ತು. ಕೂಗು ಕೇಳಿದಾಗ ತನಗಾದದ್ದು ಸಿಟ್ಟಲ್ಲ, ನಿರಾಳ ಎಂಬುದು ಅವಳಿಗೆ ತಿಳಿದುಬಿಟ್ಟಿತು.

ಕಿಟಕಿಯಿಂದ ಬಗ್ಗಿದಳು. ಮಂಜು ತುಸು ಸರಿದಿತ್ತು; ಖಾಲಿ ಚೌಕದಲ್ಲಿ ಒಂದೇ ಬೆಂಚು. ಅದರ ಮೇಲೆ ಬೋರ್ಗಿಲ್ಡ್, ಮುಖ ಮೇಲೆತ್ತಿ. ತ್ರುಲ್ಸ್ ಬಗ್ಗಿ ಏನೋ ಹೇಳುತ್ತಿದ್ದ; ಮುದುಕಿ ತುಟಿಯ ಮೇಲೆ ಬೆರಳಿಟ್ಟಳು.

ರಾಗ್ನಾ ಮರಳಿ ಕುಳಿತಳು. ಮೊದಲ ಹಿಡಿಯನ್ನು ಮೆಲ್ಲಗೆ, ಬಹಳ ಮೆಲ್ಲಗೆ ಒತ್ತಿದಳು. ಮೇಲೆ ತಂತಿ ಬಿಗಿಯಿತು. ಕಬ್ಬಿಣದ ನಾಲಿಗೆ ಗಂಟೆಯ ಅಂಚಿನವರೆಗೆ ಸರಿದು, ಮುಟ್ಟದೆ ನಿಂತಿತು. ಆಮೇಲೆ ಎರಡನೆಯದು. ಹಾಗೆಯೇ, ಒಂದು ಸ್ವರವನ್ನೂ ಬಿಡದೆ, ಉತ್ತರಾರ್ಧವನ್ನೆಲ್ಲ ನುಡಿಸತೊಡಗಿದಳು.

ಕೆಳಗೆ ಮುದುಕಿ, ಕೇಳುತ್ತಿರುವವಳಂತೆ, ಎತ್ತಿದ ಮುಖ ಇಳಿಸಲಿಲ್ಲ.