ಕೈ ಇಳಿಯುವ ತನಕ

ಬಕೆಟ್ಟಿನ ನೀರಿನ ಮೇಲೆ ಒಂದು ಇರುವೆ ಈಜುತ್ತಿದೆ, ಅಥವಾ ಸತ್ತು ತೇಲುತ್ತಿದೆ, ಕ್ಷಮೆ ಇರಲಿ, ಗೋಡೆಗೆ ಹೊಡೆಸುವ ಹಲಗೆಯ ವಿಷಯವನ್ನು ಇಷ್ಟು ದೊಡ್ಡದು ಮಾಡಬಾರದು, ಹೇಳಿದರೆ ಯಾರಾದರೂ ನಕ್ಕಾರು, ಯಾರಿಗೂ ಹೇಳುತ್ತಲೂ ಇಲ್ಲ ಅವಳು, ಆದರೂ ಮೊದಲು ಕ್ಷಮೆ ಕೇಳಿ ಆಮೇಲೆ ಯೋಚನೆಗೆ ಕೈ ಹಾಕುವುದು ಹಳೆಯ ಚಾಳಿ, ಸಂಜೆ ಕಾಲೇಜಿನಲ್ಲಿ ಅನುಮಾನ ಕೇಳಲು ಎದ್ದರೂ ಕ್ಷಮಿಸಿ ಸಾರ್ ಎಂದೇ ಬಾಯಿ ಬಿಡುತ್ತಿದ್ದಳು, ಹಿಂದಿನ ಬೆಂಚಿನವರು ಎದ್ದಳಪ್ಪ ಕ್ಷಮಿಸಿ ಸಾರ್ ಎಂದು ಕಿಸಕ್ಕೆನ್ನುತ್ತಿದ್ದರು — ಇರುವೆ ಕಾಲಾಡಿಸಿತು, ಬದುಕಿದೆ, ಬೆರಳು ಕೊಟ್ಟರೆ ಹತ್ತಿಕೊಂಡಿತು. ನೀರಿನ ತಳದಲ್ಲಿ ಎರಡು ತುಂಡುಗಳಿವೆ, ಮೇಲೊಂದು ಕಲ್ಲು ಹೇರಿದ್ದಾಳೆ, ಒಂದು ಸಿಮೆಂಟಿನ ಹಲಗೆ, ಇನ್ನೊಂದು ಮರದ ಚೂರುಗಳನ್ನು ಅಂಟು ಹಾಕಿ ಒತ್ತಿ ಮಾಡಿದ ಹಲಗೆ, ಇವತ್ತಿಗೆ ಐದು ದಿನ, ಮಧ್ಯಾಹ್ನ ಒಂದು ಗಂಟೆಯೊಳಗೆ ಫೋನ್ ಮಾಡಿಬಿಡಿ ಅಮ್ಮ, ಆಮೇಲೆ ಲಾರಿ ಹೊರಟರೆ ನನ್ನನ್ನು ಬೈಬೇಡಿ ಎಂದಿದ್ದಾರೆ ಅಂಗಡಿಯವರು, ಈಗ ಹನ್ನೊಂದೂ ಮುಕ್ಕಾಲು. ಪಶ್ಚಿಮದ ಗೋಡೆಯ ಹೊರಮೈಯ ಹಳೆಯ ಹಲಗೆಗಳಲ್ಲಿ ಬೆರಳಿಟ್ಟರೆ ಬೆರಳೇ ಒಳಗಿಳಿಯುತ್ತದೆ, ಹಾಳು ಗೋಡೆ, ಒಳಗಡೆ ಮಂಚದ ತಲೆದಿಕ್ಕಿನಲ್ಲಿ ತೇವದ ಕಲೆ ದಿನಕ್ಕೊಂದು ಆಕಾರ, ಮೊನ್ನೆ ಆಮೆ, ನಿನ್ನೆ ಹೆಂಗಸಿನ ಮುಖ — ಸಿಮೆಂಟಿನದೇ ಹಾಕಿಸಿಬಿಡೋಣ ಕಣೇ, ಮಳೆಗೆ ಜಗ್ಗಲ್ಲ, ಗೆದ್ದಲು ಮೂಸಲ್ಲ, ಬೆಂಕಿಗೂ ಹೆದರಲ್ಲ, ಥೇಟ್ ನಿಮ್ಮಮ್ಮ, ಎಂದು ಐದು ದಿನದ ಹಿಂದೆ ಗಂಡ ಬಸ್ಸಿನ ಬೀಗದ ಕೈ ತಿರುಗಿಸುತ್ತ ನಕ್ಕಿದ್ದ, ಅವಳು, ಅಲ್ಲ, ಮರದ್ದೂ ಚೆನ್ನಾಗಿದೆಯಂತೆ, ಅಂದಳು, ಯಾರಂತೆ, ಹಾಗಂತೆ, ಸರಿ ಹಾಗಾದರೆ ಎರಡನ್ನೂ ನೀರಿಗೆ ಹಾಕು, ಯಾವುದು ಊದುತ್ತೋ ಅದು ಔಟ್, ಪರೀಕ್ಷೆ ಮಾಡೋಳು ನೀನೇ ತಾನೇ. ಹೌದು, ಪರೀಕ್ಷೆ ಮಾಡುವವಳೇ, ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಹನ್ನೆರಡು ವರ್ಷದಿಂದ ಇವಳ ಹೆಬ್ಬೆರಳು ದಾಟದೆ ಒಂದು ತೋಳೂ ಒಂದು ಕಾಲರೂ ಹೊರಗೆ ಹೋಗಿಲ್ಲ, ಒಂದು ಹೊಲಿಗೆ ಜಾರಿದ್ದರೂ ಹೆಬ್ಬೆರಳು ಹೇಳುತ್ತದೆ, ಮುಲಾಜಿಲ್ಲ, ಮೇಸ್ತ್ರಿ ಹಲ್ಲು ಕಡಿದರೂ ವಾಪಸ್ ಅಂದರೆ ವಾಪಸ್.

ಈ ತುಂಡುಗಳನ್ನು ಕತ್ತರಿಸಿ ಕೊಟ್ಟವನು ತಮ್ಮ, ಹೋದ ಭಾನುವಾರ, ಇದೇ ಅಂಗಳದಲ್ಲಿ, ಹಲಗೆ ಹೊಡೆಯುವುದೇ ಅವನ ಕೆಲಸ, ನಿನ್ನ ಗೋಡೆ ಪೂರ್ತಿ ನಾನೇ ಮಾಡಿಕೊಡ್ತೀನಿ ಅಕ್ಕ, ಕೂಲಿ ಗೀಲಿ ಅಂದರೆ ಜಗಳವೇ ಆಗುತ್ತೆ, ಸಿಮೆಂಟಿನದೇ ತರಿಸು, ನಾನು ಸತ್ತರೂ ಅದಕ್ಕೇನೂ ಆಗಲ್ಲ — ಬಿಡ್ತು ಅನ್ನು ಎಂದು ಗದರಿದ್ದಳು. ಮರದ ತುಂಡು ಕತ್ತರಿಸುವಾಗ ಹಳದಿ ಪುಡಿ ಅವನ ಕಾಲ ಬುಡದಲ್ಲೇ ಸುರಿಯಿತು, ಗುಡಿಸಿದರೆ ಮುಗಿಯಿತು, ಸಿಮೆಂಟಿನದಕ್ಕೆ ಗರಗಸದ ಯಂತ್ರ ಇಟ್ಟನೋ ಇಲ್ಲವೋ ಬಿಳಿ ಮೋಡ, ತಮ್ಮನೇ ಕಾಣಲಿಲ್ಲ, ಎಡಗೈಯೊಂದು ಮೋಡದ ಮೇಲೆ ಎದ್ದು ನಿಂತಿತು, ಐದೂ ಬೆರಳು ಬಿಡಿಸಿ, ಅವಳು ಅಂದುಕೊಳ್ಳದೆಯೇ ಎಣಿಸತೊಡಗಿದಳು, ಒಂದು, ಎರಡು, ಮೂರು, ಏಕೆಂದರೆ ಆ ಕೈ ಅವಳಿಗೆ ಗೊತ್ತು, ನೀರಿನ ತೊಟ್ಟಿಯ ಮೇಲೆ ಎದ್ದು ನಿಲ್ಲುತ್ತಿದ್ದ ಕೈ ಅದು, ಏಳು ವರ್ಷದ ಕೈ, ಮುಳುಗಿದವನು ಬದುಕಿದ್ದಾನೆ ಎಂಬುದಕ್ಕೆ ಗುರುತು, ಕೈ ನಿಂತಿರುವ ತನಕ ಎಣಿಸಬೇಕು, ಇಳಿದರೆ ಜುಟ್ಟು ಹಿಡಿದು ಎಳೆಯಬೇಕು, ಅದು ಇಬ್ಬರ ಒಪ್ಪಂದ, ತೊಂಬತ್ತರ ತನಕ ಹೋಗುತ್ತಿದ್ದ, ಅದಕ್ಕೇ ಮನೆಯವರೆಲ್ಲ ಮೀನು ಎಂದು ಕರೆದದ್ದು, ಈಗಲೂ ಮೀನೇ, ಮೀಸೆ ಬಂದ ಮೀನು. ಹದಿನೇಳಕ್ಕೆ ಕೈ ಇಳಿಯಿತು. ಯಂತ್ರ ನಿಂತಿತು, ಕೆಮ್ಮು, ಮೋಡದಿಂದ ಹೊರಬಂದವನ ರೆಪ್ಪೆಗಳೆಲ್ಲ ಬೆಳ್ಳಗೆ, ಮುದುಕನ ಹಾಗೆ, ಮೂಗಿಗೆ ಹಾಕುವ ಮಾಸ್ಕು ಕತ್ತಿನಲ್ಲಿ ನೇತಾಡುತ್ತಿತ್ತು, ಹಾಕ್ಕೋಬಾರದೇನೋ ಅದನ್ನ, ಅದು ಹಾಕಿದರೆ ಕನ್ನಡಕ ಮಂಜಾಗುತ್ತೆ ಅಕ್ಕ, ಗೆರೆ ತಪ್ಪುತ್ತೆ, ನಂದು ಒಂದು ಸಲ ಕೊಯ್ಯೋಕೆ ಒಂದೇ ಉಸಿರು, ನೀನೇ ಕಲಿಸಿದ್ದಲ್ಲವಾ. ಅವಳೇ ಕಲಿಸಿದ್ದು, ಶಾಲೆಯ ದಾರಿಯಲ್ಲಿ ಕಲ್ಲುಪುಡಿಯ ಲಾರಿಗಳು ಹಾದಾಗ, ಉಸಿರು ಹಿಡಿ ಮೀನು, ನಾನು ಎಣಿಸ್ತೀನಿ, ಧೂಳು ಇಳಿದ ಮೇಲೆ ಬಿಡು, ಅವಳಿಗೆ ಆಗ ಹತ್ತು ವರ್ಷ, ಅದಕ್ಕಿಂತ ಬುದ್ಧಿವಂತಿಕೆ ಲೋಕದಲ್ಲೇ ಇಲ್ಲ ಎಂದುಕೊಂಡಿದ್ದಳು. ಮೊನ್ನೆ ಅಂಗಡಿಯವರು ಕೊಟ್ಟ ಚೀಟಿಯ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿದಳು, ಸಣ್ಣ ಅಕ್ಷರವನ್ನೂ ಬಿಡದೆ ಓದುವುದು ಅವಳ ರೂಢಿ, ಸಿಮೆಂಟಿನದನ್ನು ಕತ್ತರಿಸುವಾಗ ಏಳುವ ಪುಡಿ ಕಣ್ಣಿಗೆ ಕಾಣದಷ್ಟು ನಯ, ಯಂತ್ರ ನಿಂತ ಮೇಲೂ ಬಹಳ ಹೊತ್ತು ಗಾಳಿಯಲ್ಲೇ ಇರುತ್ತದೆ, ಎದೆಯೊಳಗೆ ಹೋದದ್ದು ಹೊರಗೆ ಬರುವುದಿಲ್ಲ — ಬಹಳ ಹೊತ್ತು ಎಂದರೆ ಎಷ್ಟು, ಹದಿನೇಳಕ್ಕಿಂತ ಹೆಚ್ಚು, ತೊಂಬತ್ತಕ್ಕಿಂತಲೂ ಹೆಚ್ಚು, ಮತ್ತೆ ಹಿಡಿದ ಉಸಿರು ಬಿಟ್ಟವನು ಎಳೆಯುವ ಮೊದಲ ಉಸಿರೇ ಎಲ್ಲಕ್ಕಿಂತ ದೊಡ್ಡದು, ಅದೇ ಮೋಡದಿಂದ, ದೇವರೇ, ಇಷ್ಟು ವರ್ಷ. ಅತ್ತೆ ಅತ್ತೆ, ಅಪ್ಪ ಮಲಗಿದಾಗ ಎದೆಯಲ್ಲಿ ಶಿಳ್ಳೆ ಹೊಡೀತಾರೆ ಗೊತ್ತಾ, ಬಾಯಿ ಮುಚ್ಚಿರುತ್ತೆ ಆದರೂ ಶಿಳ್ಳೆ ಬರುತ್ತೆ, ಎಂದು ಅವನ ಮಗಳು ಬಿಸ್ಕತ್ತು ತಿನ್ನುತ್ತ ಹೇಳಿದ್ದು, ಎಲ್ಲರೂ ನಕ್ಕಿದ್ದರು, ಇವಳೂ ನಕ್ಕಿದ್ದಳು.

ಕಲ್ಲು ತೆಗೆದಳು, ತುಂಡುಗಳನ್ನು ಸೆರಗಿನಲ್ಲಿ ಒರೆಸಿದಳು, ಕಣ್ಣು ಮುಚ್ಚಿ ಹೆಬ್ಬೆರಳಿಟ್ಟಳು, ಸಿಮೆಂಟಿನದು ಇಟ್ಟ ಹಾಗೇ ಇದೆ, ಸೊಕ್ಕು ನೋಡು ಅದಕ್ಕೆ, ಮರದ್ದು — ಬೇಡ ಬೇಡ ಎಂದರೂ ಹೆಬ್ಬೆರಳು ಹೇಳಿಯೇಬಿಟ್ಟಿತು, ಕತ್ತರಿಸಿದ ಅಂಚಿನಲ್ಲಿ ಬಟ್ಟೆಯ ಒಂದು ಮಡಿಕೆಯಷ್ಟು ಊದಿದೆ, ತುಟಿ ಊದಿಸಿಕೊಂಡ ಮಗುವಿನ ಹಾಗೆ, ವಾಪಸ್. ಆದರೆ ಕತ್ತರಿಸಿದ ಅಂಚಿಗೆ ಬಣ್ಣ ಬಳಿಯದೆ ನೀರು ತಾಗಿಸಬಾರದು ಎಂದು ಅದೇ ಚೀಟಿಯಲ್ಲಿದೆ, ಅವಳು ಬಳಿದಿರಲಿಲ್ಲ, ಹಾಗಾದರೆ ಪರೀಕ್ಷೆಯೇ ಅನ್ಯಾಯದ್ದು, ರೇನ್‌ಕೋಟು ಕೊಡದೆ ಹೊರಗೆ ನಿಲ್ಲಿಸಿ ನೆನೆದೆಯಲ್ಲ ಎಂದು ಬೈದ ಹಾಗೆ, ಇದನ್ನು ಗಂಡನಿಗೆ ಹೇಳಿದರೆ ಆಯಿತಲ್ಲ, ಹೇಳಿದರೆ ಅವನು ಅನ್ನುತ್ತಾನೆ, ಬಣ್ಣ ಹೋದ ದಿನ ಏನು ಮಾಡ್ತೀಯ, ಅದಕ್ಕೆ ಇರುವ ಉತ್ತರ ಹೇಳುವಂಥದ್ದಲ್ಲ, ತಮ್ಮ ಕೆಮ್ಮುತ್ತಾನೆ ಎಂದರೆ ಅವನು ನಿಜವಾಗಿ ಕೆಮ್ಮುವವನಾಗಿಬಿಡುತ್ತಾನೆ, ಮಾತಿಗೆ ಅಂಥ ಶಕ್ತಿ ಇಲ್ಲ ಎಂದು ಓದಿದವಳಿಗೆ ಗೊತ್ತು, ಆದರೂ. ಗೋಡೆಯಾಚೆ ಸ್ಕೂಟರ್ ಸದ್ದು, ಗಂಡ ಡಿಪೋದಿಂದ ಬಂದ, ಅವಳ ಕೈ ಅವಳನ್ನು ಕೇಳಲಿಲ್ಲ, ತಮ್ಮ ಬಿಟ್ಟುಹೋದ ಉಪ್ಪುಕಾಗದ ಕಿಟಕಿಯ ಮೇಲಿತ್ತು, ಎಳೆದುಕೊಂಡು ಊದಿದ ಅಂಚನ್ನು ಉಜ್ಜತೊಡಗಿದಳು, ಪರಪರ, ಹನ್ನೆರಡು ವರ್ಷದಲ್ಲಿ ಒಂದು ಜಾರಿದ ಹೊಲಿಗೆಯನ್ನೂ ಮುಚ್ಚದವಳು, ಒದ್ದೆ ಪುಡಿ ಬೆರಳಿಗೆ ಮೆತ್ತಿತು, ಬೇಗ, ಎದೆ ಬಿಗಿಯಿತು, ಯಾಕೆ ಬಿಗಿಯಿತು ಎಂದು ನೋಡಿದರೆ ಉಸಿರು ಹಿಡಿದಿದ್ದಾಳೆ, ಒಳಗೊಳಗೇ ಎಣಿಸುತ್ತಿದ್ದಾಳೆ, ಇಪ್ಪತ್ತಮೂರು, ಇಪ್ಪತ್ತನಾಲ್ಕು. ಏನಾಯ್ತೇ ಪರೀಕ್ಷೆ, ನೀವೇ ನೋಡಿ, ಅವನು ಎರಡನ್ನೂ ತಿರುಗಿಸಿ ಮುರುಗಿಸಿ ಅಂಚು ಸವರಿದ, ಸ್ಟಿಯರಿಂಗ್ ಹಿಡಿದು ಗಂಟುಗಟ್ಟಿದ ಬೆರಳು, ಅರೆ ಇದೂ ಊದಿಲ್ಲವಲ್ಲ, ಸರಿ ಮಾರಾಯ್ತಿ, ನೀನು ಪಾಸ್ ಮಾಡಿದ್ದು ಇಡೀ ಊರೇ ಮೈಮೇಲೆ ಹಾಕ್ಕೊಂಡು ಓಡಾಡುತ್ತೆ, ನಾನ್ಯಾರು. ಆ ನಂಬಿಕೆ ಮುಳ್ಳಿನ ಹಾಗೆ ಚುಚ್ಚಿತು. ಹನ್ನೆರಡೂ ಐವತ್ತಕ್ಕೆ ಫೋನ್ ಮಾಡಿದಳು, ಕ್ಷಮಿಸಿ, ಮರದ್ದೇ ಕಳಿಸಿ, ಅಂಚಿಗೆ ಬಳಿಯುವ ಬಣ್ಣ ಜಾಸ್ತಿಯೇ ಹಾಕಿ, ಯೋಚನೆ ಮಾಡಿದ್ದೀರಲ್ಲಮ್ಮ, ಮಾಡಿದ್ದೀನಿ, ಬೇರೇನೂ ಮಾಡಿಲ್ಲ ಐದು ದಿನದಿಂದ.

ಊಟದ ಹೊತ್ತು ದಾಟಿದ ಮೇಲೆ ತಮ್ಮ ಗೋಡೆ ಅಳೆಯಲು ಬಂದ, ಕಿವಿಯಲ್ಲಿ ಪೆನ್ಸಿಲ್ಲು, ಮುಖ ಸಣ್ಣದು, ಮರ ಅಂತೆ, ಅಂಗಡಿಯವರು ಹೇಳಿದರು, ಆಗಲಿ ನಿನ್ನ ಮನೆ, ನಿನ್ನಿಷ್ಟ, ನಾನು ಅಂದುಕೊಂಡಿದ್ದೆ, ನನಗೆ ಓದು ಹತ್ತಲಿಲ್ಲ, ನಿನಗೇಂತ ಕೊಡೋಕೆ ನನ್ನ ಹತ್ತಿರ ಇರೋದು ಇದೊಂದೇ ಕೆಲಸ, ಅದಾದರೂ ನಿಲ್ಲೋದನ್ನ ಮಾಡಿಕೊಡೋಣ ಅಂತ — ಟೇಪಿನ ತುದಿ ಹಿಡಿ. ಹಿಡಿದಳು. ಗೋಡೆ ಎಲ್ಲಿಗಾದರೂ ಹೋಗಲಿ ಮೀನು, ನೀನು ಆ ಪುಡಿ ಕುಡಿಯೋದು ಬೇಡ ಅಂತ ಅಷ್ಟೇ, ಅಂದಳು, ಅಂದೇಬಿಟ್ಟಳು, ಅವನು ಗಟ್ಟಿಯಾಗಿ ನಕ್ಕ, ಅಯ್ಯೋ ಪೆದ್ದಕ್ಕ, ನಿನ್ನ ಗೋಡೆಗೆ ಹೆಚ್ಚೆಂದರೆ ಅರವತ್ತು ಹಲಗೆ, ನಾಳೆ ಬೆಳಗ್ಗೆಯಿಂದ ಶಾಲೆಯ ಹೊಸ ಕಟ್ಟಡಕ್ಕೆ ನಾನೂರಿವೆ, ಎಲ್ಲ ಸಿಮೆಂಟಿನವೇ. ನಾನೂರು. ಹಲಗೆಗೆ ಎರಡು ಸಲ ಕೊಯ್ದರೂ — ಲೆಕ್ಕ ಬೇಡ, ಅರವತ್ತನ್ನು ತಪ್ಪಿಸಲು ಹನ್ನೆರಡು ವರ್ಷದ ಹೆಬ್ಬೆರಳನ್ನು ಸುಳ್ಳಾಡಿಸಿದಳು, ಸಮುದ್ರದಿಂದ ಒಂದು ಚೊಂಬು ಮೊಗೆದು ಬದಿಗಿಟ್ಟ ಹಾಗೆ. ಉಸಿರು ಹಿಡಿದರೆ ಸಾಲದು ಕಣೋ, ನಾನು ಕಲಿಸಿದ್ದೇ ತಪ್ಪು, ಧೂಳು ಇಳಿಯೋದೇ ಇಲ್ಲವಂತೆ, ಮೂಗಿಗೆ ಹಾಕ್ಕೋ, ಗೆರೆ ತಪ್ಪಿದರೆ ತಪ್ಪಲಿ, ಒಂದು ಸಲ ಡಾಕ್ಟರ ಹತ್ತಿರ ಹೋಗೋಣ, ನಾನೇ ರಜ ಹಾಕ್ತೀನಿ, ಅವನು ನಗುವುದನ್ನು ಬಿಟ್ಟ, ಏನಾಗಿದೆ ಅಂತ ಈಗ, ಏನೂ ಆಗಿಲ್ಲ, ಮತ್ತೆ ಕೆಮ್ಮು, ಅದು ನೆಗಡಿ, ಹೋದ ವರ್ಷದ್ದಾ, ನೋಡಕ್ಕ ಸುಮ್ಮನೆ ಹೆದರಿಸಬೇಡ, ಬೇಕಾದರೆ ಎಣಿಸು, ಈಗಲೇ ಎಣಿಸು. ಟೇಪು ಸರಕ್ಕನೆ ಒಳಗೆ ಓಡಿತು. ಅಂಗಳದ ನಡುವೆ ನಿಂತು ಕೆನ್ನೆ ಉಬ್ಬಿಸಿದ, ಏಳು ವರ್ಷದವನ ಹಾಗೇ, ಕಣ್ಣು ಬಿಗಿಯಾಗಿ ಮುಚ್ಚಿದ, ಎಡಗೈ ಎತ್ತಿದ, ಐದೂ ಬೆರಳು ಬಿಡಿಸಿ, ಧೂಳಿಲ್ಲ ಮೋಡವಿಲ್ಲ, ತೊಳೆದಿಟ್ಟಂಥ ಮಧ್ಯಾಹ್ನ, ಬಿಸಿಲು ಬೆರಳ ಸಂದಿಗಳಲ್ಲಿ ಕೆಂಪಗೆ, ಒಂದು ಎಂದಳು, ಎರಡು, ಜುಟ್ಟು ಹಿಡಿದು ಎಳೆಯಬೇಕೆಂದರೆ ಜುಟ್ಟೂ ಇಲ್ಲ ಈಗ, ಏಳು, ಎಂಟು, ರೆಪ್ಪೆಯ ಬುಡದಲ್ಲಿ ಇನ್ನೂ ಒಂದು ಬಿಳಿ ಗೆರೆ, ತೊಳೆದರೂ ಹೋಗದ್ದು, ಹನ್ನೆರಡು, ಕತ್ತಿನ ನರ ಎದ್ದಿದೆ, ಹದಿನೈದು, ಕಿರುಬೆರಳು ನಡುಗುತ್ತಿದೆಯೋ ಅವಳ ಕಣ್ಣೇ ನಡುಗುತ್ತಿದೆಯೋ, ಹದಿನಾರು, ಕೈ ನಿಂತಿದೆ, ಹದಿನೇಳು, ಕೈ ನಿಂತಿದೆ, ಹದಿನೇಳು, ಬಾಯಿ ಮುಂದಕ್ಕೆ ಹೋಗುತ್ತಿಲ್ಲ, ಕೈ ನಿಂತಿದೆ, ಐದು ಬೆರಳು, ಬಿಸಿಲು, ಇದಾದ ಮೇಲೆ ಎಷ್ಟು ಉಳಿದಿದೆ ಎಂದು ಅವಳಿಗೆ ಗೊತ್ತಿಲ್ಲ.